ನೆಲುವಿನ ಬೆಣ್ಣೆ

ನಮ್ಮ ಕಡೆ ಯಾರಿಗಾದರೂ ಕೊಬ್ಬು ಜಾಸ್ತಿ ಅಂದರೆ ಅಲ್ಲೇ ಜಗಳ ಹತ್ತಿಕೊಳ್ಳುತ್ತದೆ. ಮೈಸೂರಿನ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರಿನಲ್ಲಿ ಸ್ಕ್ಯಾನಿನ ಚಿತ್ರ ತೋರಿಸಿ, ನಿಮ್ಮ ಲಿವರಿನಲ್ಲಿ ಕೊಬ್ಬು ಜಾಸ್ತಿ ಇದೆ ಅಂದಾಗ ನನ್ನ ಮೈದುನ ದಿಲೀಪ ಮಾತ್ರ ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ಪಕ್ಕದ ಕುರ್ಚಿಯಲ್ಲಿ ನನ್ನ ಗಂಡ ಮರಿಸ್ವಾಮಿ ಕೂತಿದ್ದರು. ಅವರ ಕಣ್ಣು ಅರಿಸಿನ ಬಳಿದ ಹಾಗಿತ್ತು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಮುಂದಕ್ಕೆ ಬಂದಿತ್ತು. ತಮ್ಮನ ಲಿವರಿನ ಒಂದು ತುಂಡು ಅವರಿಗೆ ಹಾಕಿದರೆ ಬದುಕುತ್ತಾರೆ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಇದನ್ನು ಮೆತ್ತಗೆ ಹೇಳಿದರು. ಆದರೆ ಹೇಳಿದ್ದು ಇಷ್ಟೇ.

ಇವರು ಜೀವಮಾನದಲ್ಲಿ ಒಂದು ಗುಟುಕು ಕುಡಿದವರಲ್ಲ. ಯಾವ ಕಾಲದಲ್ಲೋ ಬಂದ ಕಾಮಾಲೆಯ ವೈರಸ್ಸು ಒಳಗೇ ಕೂತು ಲಿವರನ್ನು ತಿಂದು ಹಾಕಿತ್ತು. ಊರಿನ ಜನಕ್ಕೆ ಇದನ್ನು ಯಾರು ಬಿಡಿಸಿ ಹೇಳುತ್ತಾರೆ? ಲಿವರ್ ಅಂದ ತಕ್ಷಣ ಬೂಕನಕೆರೆಯ ಸಂತೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ನಗಲಿ. ಕೆಟ್ಟುಹೋದ ಪಂಪ್‌ಸೆಟ್ಟನ್ನು ಹೊತ್ತುಕೊಂಡು ಇವರ ಹತ್ತಿರವೇ ಓಡಿಬರುತ್ತಿದ್ದವರು ಅವರೇ. ಆಗ ನಗು ಇರಲಿಲ್ಲ.

ಕೊಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ರಕ್ತದ ಗುಂಪು ಹೊಂದಲಿಲ್ಲ. ನಮ್ಮತ್ತೆ ದೊಡ್ಡತಾಯಮ್ಮನಿಗೆ ವಯಸ್ಸಾಗಿದೆ. ಮಗಳು ಹೇಮಶ್ರೀ ಇನ್ನೂ ಶಾಲೆಗೆ ಹೋಗುವ ಹುಡುಗಿ. ಸತ್ತವರಿಂದ ಸಿಗುವ ಲಿವರಿಗೆ ಹೆಸರು ಬರೆಸಿದ್ದೆವು, ಆದರೆ ನಮ್ಮ ಮುಂದೆ ಸಾಲು ಬಹಳ ಉದ್ದವಿತ್ತು. ಉಳಿದವನು ದಿಲೀಪ. ಅವನ ಲಿವರಿನ ಕೊಬ್ಬು ಇಳಿದರೆ ಆಪರೇಷನ್ ಮಾಡುತ್ತೇವೆ, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಣ್ಣ ಅಷ್ಟು ದಿನ ತಡೆಯಬಹುದು ಅಂದರು. ಹಾಗಂತ ಉಪವಾಸ ಬೀಳಬೇಡಿ, ಕೊಡುವವರ ಮೈಯಲ್ಲಿ ಶಕ್ತಿ ಇರಬೇಕು, ಊಟ ಕಡಿಮೆ ಮಾಡಿ ಭಾರ ಎತ್ತುವ ವ್ಯಾಯಾಮ ಮಾಡಿ ಅಂತಲೂ ಹೇಳಿದರು. ಆಮೇಲೆ ಒಬ್ಬರು ಕಾಗದ ಹಿಡಿದು ಬಂದು ಆಪರೇಷನ್ನಿನಲ್ಲಿ ಕೊಡುವವನಿಗೆ ಏನೇನು ಆಗಬಹುದು ಅನ್ನುವುದನ್ನು ಓದಿದರು. ದಿಲೀಪ ಎಲ್ಲದಕ್ಕೂ ಹೂಂ ಅಂದ. ಅಣ್ಣನ ಮುಖವನ್ನು ಒಂದು ಸಲವೂ ನೋಡಲಿಲ್ಲ.

ದಿಲೀಪನಿಗೆ ಪಾಂಡವಪುರದಲ್ಲಿ ಬೀಜ, ಗೊಬ್ಬರದ ಅಂಗಡಿಯಲ್ಲಿ ಕೆಲಸ. ಆ ರಸ್ತೆಯಲ್ಲೇ ಧರ್ಮೇಂದ್ರ ಅನ್ನುವವನ ಜಿಮ್ಮಿದೆ. ಧರ್ಮೇಂದ್ರ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು. ಮಾತು ಒರಟು, ಮನುಷ್ಯ ಒಳ್ಳೆಯವನು. ವಿಷಯ ಕೇಳಿದ ಮೇಲೆ ಅವನೇ ಒಂದು ಭಾನುವಾರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ದಿಲೀಪನ ಊಟ ಗೊತ್ತು ಮಾಡಿದ. ಬೆಳಿಗ್ಗೆ ಒಂದು, ಸಂಜೆ ಒಂದು, ನಿಂಬೆಹಣ್ಣಿಗಿಂತ ವಾಸಿ ಅನ್ನುವಷ್ಟು ಮುದ್ದೆ. ಮಧ್ಯಾಹ್ನಕ್ಕೆ ಬೇಯಿಸಿದ ಹುರುಳಿಕಾಳು, ಮೊಟ್ಟೆಯ ಬಿಳಿ. ಎಣ್ಣೆಯಿಲ್ಲದೆ ಬೇಯಿಸಿದ ಕೋಳಿ, ಸೊಪ್ಪು ಎಷ್ಟಾದರೂ. ಅನ್ನ ಇಲ್ಲ, ಬೆಲ್ಲದ ಕಾಫಿ ಇಲ್ಲ, ಒಗ್ಗರಣೆ ಇಲ್ಲ. ಪೂರ್ತಿ ಹೊಟ್ಟೆ ಕಟ್ಟಿದರೆ ಮೈ ತನ್ನ ಮಾಂಸವನ್ನೇ ತಿಂದುಕೊಂಡು ಕೊಬ್ಬನ್ನು ಬಚ್ಚಿಟ್ಟುಕೊಳ್ಳುತ್ತದೆ, ಭಾರ ಎತ್ತುತ್ತಿದ್ದರೆ ಮಾಂಸ ಬೇಕು ಅಂತ ಮೈಗೆ ಗೊತ್ತಾಗುತ್ತದೆ, ಆಗ ಅದು ಕೊಬ್ಬಿಗೆ ಕೈ ಹಾಕುತ್ತದೆ ಅಂತ ಅವನ ವಿವರಣೆ. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಬಾಡು ಮುಟ್ಟುವುದಿಲ್ಲ ಅಂದೆ. ಹಾಗಾದರೆ ಆ ಎರಡು ದಿನ ಕಾಲಿನ ವ್ಯಾಯಾಮ ಬೇಡ, ದೇವರಿಗೂ ತೊಡೆಗೂ ಯಾಕೆ ಜಗಳ ಅಂತ ತಾನೇ ಹೊಂದಿಸಿಕೊಂಡ. ಬಹಳ ದಿನಗಳ ಮೇಲೆ ಇವರು ನಕ್ಕರು.

ನಮ್ಮತ್ತೆ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮುದ್ದೆ ಎಷ್ಟು ಗಾತ್ರ ಅನ್ನುವುದನ್ನು ಮಾತ್ರ ಇನ್ನೊಂದು ಸಲ ಕೇಳಿ ತಿಳಿದುಕೊಂಡರು.

ನಮ್ಮ ಮನೆಯಲ್ಲಿ ಮುದ್ದೆ ತಿರುವುವ ಹಿಟ್ಟಿನ ಕೋಲು ಅತ್ತೆಯದು. ನಾನು ಈ ಮನೆಗೆ ಬಂದು ಮಗಳು ಎದೆಯೆತ್ತರ ಬೆಳೆದರೂ ಒಂದು ದಿನ ಅದನ್ನು ನನ್ನ ಕೈಗೆ ಕೊಟ್ಟವರಲ್ಲ. ಸಾರು ನನ್ನದು, ಪಾತ್ರೆ ತೊಳೆಯುವುದು ನನ್ನದು, ಕೊಟ್ಟಿಗೆ ನನ್ನದು. ಮುದ್ದೆ ಮಾತ್ರ ಅವರೇ ತಿರುವಬೇಕು, ಅವರೇ ಕಟ್ಟಬೇಕು, ಅವರೇ ತಟ್ಟೆಗೆ ಹಾಕಬೇಕು. ನನ್ನ ಓರಗಿತ್ತಿ, ದಿಲೀಪನ ಹೆಂಡತಿ ಸ್ನೇಹ ಇದರ ಮೇಲೆ ಮುನಿಸಿಕೊಂಡದ್ದೂ ಉಂಟು. ಈಗ ಅವಳು ಬಸುರಿ, ನಾಗಮಂಗಲದ ತವರಿಗೆ ಹೋಗಿದ್ದಳು. ಹಸುಗಳ ಹಾಲು ಡೈರಿಗೆ ಹೋಗುತ್ತದೆ. ಎಮ್ಮೆಯ ಹಾಲು ಮನೆಗೆ. ಅದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು ಸೂರಿಗೆ ತೂಗುಹಾಕಿದ ನೆಲುವಿನ ಮೇಲಿನ ಮಡಕೆಯಲ್ಲಿ ಇಡುವುದೂ ಅತ್ತೆಯ ಕೆಲಸವೇ.

ದಿಲೀಪ ಜಿಮ್ಮಿಗೆ ಬಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು, ಅಲ್ಲಿ ಅವನು ಒಂದು ದಿನವೂ ಕಳ್ಳಾಟ ಆಡಲಿಲ್ಲ. ಸಂಜೆ ಅಂಗಡಿಯಿಂದ ಬೇಗ ಬಿಡಿಸಿಕೊಂಡು ಹೋಗಿ ಕಬ್ಬಿಣ ಎತ್ತುತ್ತಿದ್ದ. ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಭುಜ ಅಗಲವಾಯಿತು, ಅಂಗಿ ತೋಳಿನಲ್ಲಿ ಬಿಗಿಯಾಯಿತು. ಅಣ್ಣ ಸಾಯ್ತಾವ್ನೆ, ತಮ್ಮ ಬಾಡಿ ಮಾಡ್ತಾವ್ನೆ ಅಂತ ಡೈರಿ ಬಾಗಿಲಲ್ಲಿ ಯಾರೋ ಆಡಿದ ಮಾತು ನನ್ನ ಕಿವಿಗೂ ಬಿತ್ತು. ಹಾಲಿನ ಕ್ಯಾನನ್ನು ಹಾಗಂದವನ ಕಾಲ ಮೇಲೆ ಎತ್ತಿಹಾಕೋಣ ಅನ್ನಿಸಿತು. ಸುಮ್ಮನೆ ಬಂದೆ.

ಮನೆಗೆ ಬಂದ ತಮ್ಮನನ್ನು ಇವರು ಮಂಚದ ಮೇಲಿಂದಲೇ ಕೂಗಿ ಮಾತಾಡಿಸುತ್ತಿದ್ದರು. ಎಷ್ಟು ಇಳಿದ್ಯಲಾ ಅಂತ ದಿನಾ ಅದೇ ಪ್ರಶ್ನೆ. ವಸಿ ಇಳ್ದಿವ್ನಿ ಅಣ್ಣ ಅಂತ ದಿನಾ ಅದೇ ಉತ್ತರ. ಆಮೇಲೆ ದಿಲೀಪ ಉಣ್ಣಲು ಕೂರುತ್ತಿದ್ದ. ಸಣ್ಣ ಮುದ್ದೆ, ನಾಲ್ಕು ತುತ್ತು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆಯುತ್ತಿದ್ದ. ಉಂಡ ಕೈಗೆ ಸೋಪು ಹಾಕುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಇದೂ ಧರ್ಮೇಂದ್ರ ಕಲಿಸಿದ ಶುಚಿ ಇರಬೇಕು ಅಂದುಕೊಂಡೆ.

ತಿಂಗಳು ಕಳೆಯಿತು. ತೂಕ ಇಳಿಯಲಿಲ್ಲ, ಸ್ವಲ್ಪ ಏರಿತು. ಮೊದಮೊದಲು ಮಾಂಸ ಬೆಳೆಯುವಾಗ ಹೀಗಾಗುತ್ತದೆ ಅಂತ ಧರ್ಮೇಂದ್ರ ಸಮಾಧಾನ ಹೇಳಿದ. ಆಮೇಲೆ ಹೊಟ್ಟೆಗೆ ಟೇಪು ಸುತ್ತಿ ನೋಡಿದ. ಅದೂ ಇಳಿದಿರಲಿಲ್ಲ. ಒಂದು ದಿನ ನನಗೆ ಫೋನು ಮಾಡಿ, ಇವನು ಎಲ್ಲೋ ಕದ್ದು ತಿನ್ನುತ್ತಿದ್ದಾನೆ ಅಕ್ಕ, ನಾನು ಎತ್ತಿಸುವ ಭಾರಕ್ಕೆ, ನೀವು ಹಾಕುವ ಊಟಕ್ಕೆ ಕಲ್ಲೂ ಕರಗಬೇಕು ಅಂದ. ನನಗೆ ಪಿತ್ತ ನೆತ್ತಿಗೇರಿತು. ಅಂಗಡಿಯ ಪಕ್ಕದ ಬೇಕರಿಯಲ್ಲಿ ಏನೇನು ಸಿಗುತ್ತದೆ ಅಂತ ನನಗೂ ಗೊತ್ತು. ದಿಲೀಪ ಬಂದು ಗಾಡಿ ನಿಲ್ಲಿಸುವುದಕ್ಕೂ ಬಿಡದೆ ಬೈದೆ. ನಿನ್ನ ನಾಲಿಗೆ ಚಪಲಕ್ಕೆ ನನ್ನ ತಾಳಿ ಹೋಗಬೇಕಾ ಅಂತಲೂ ಅಂದೆ. ಅವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಅತ್ತೆ ಒಳಗಿಂದ ಬಂದು, ದುಡಿದು ಬಂದ ಮಗ, ಮೊದಲು ಉಣ್ಣಲಿ ಅಂತ ಕರೆದುಕೊಂಡು ಹೋದರು.

ಎರಡನೇ ಸ್ಕ್ಯಾನಿನಲ್ಲಿ ಕೊಬ್ಬು ಮೊದಲಿನಷ್ಟೇ ಇತ್ತು, ಒಂದು ಕೂದಲು ಹೆಚ್ಚೇ ಅನ್ನಿ. ಡಾಕ್ಟರು ದಿಲೀಪನನ್ನು ಬೈಯಲಿಲ್ಲ. ಇನ್ನೊಂದು ತಿಂಗಳು ನೋಡೋಣ ಅಂದರು, ಆದರೆ ಇವರ ರಿಪೋರ್ಟನ್ನು ನೋಡಿದಾಗ ಅವರ ದನಿ ಕೆಳಗಿಳಿಯಿತು. ವಾಪಸು ಬರುವಾಗ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಇವರು ನನ್ನನ್ನು ಅವ್ವ ಅಂತ ಕರೆದು ನೀರು ಕೇಳಿದರು. ಬುದ್ಧಿ ಮಂಕಾಗುವುದೂ ಈ ಕಾಯಿಲೆಯ ಒಂದು ಲಕ್ಷಣ ಅಂತ ಮೊದಲೇ ಹೇಳಿದ್ದರು. ಹೇಳಿದ್ದರು ಅಂದ ಮಾತ್ರಕ್ಕೆ ಏನು? ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಮುಂದಿನ ಸೀಟಿನಲ್ಲಿದ್ದ ದಿಲೀಪ ಹಿಂದಕ್ಕೆ ನೋಡಲಿಲ್ಲ.

ಮಾರನೆಯ ದಿನ ಭಾನುವಾರ. ಅಂಗಡಿ ರಜ, ದಿಲೀಪ ಮನೆಯಲ್ಲೇ ಇದ್ದ. ಬೆಳಗಿನ ಊಟ ಆದ ಮೇಲೆ ಪಾತ್ರೆಗಳನ್ನು ಕಲ್ಲಿನ ಹತ್ತಿರ ಹಾಕಿಕೊಂಡು ಕೂತೆ. ಬೂದಿ ಮುಗಿದಿತ್ತು, ಬರೀ ನೀರಿನಲ್ಲಿ ಉಜ್ಜಿದೆ. ಹೇಮಳ ತಟ್ಟೆ ಬೆಳಗಿತು, ನನ್ನದು ಬೆಳಗಿತು. ದಿಲೀಪನ ತಟ್ಟೆಯ ಮೇಲೆ ಮಾತ್ರ ನೀರು ನಿಲ್ಲದೆ ಹನಿಹನಿಯಾಗಿ ಉರುಳಿ ಹೋಯಿತು. ಬೆರಳಿನಿಂದ ತಿಕ್ಕಿದೆ, ಜಾರಿತು. ಅವನ ಸಾರು ಮಾಡಿದವಳು ನಾನೇ. ಅದಕ್ಕೆ ಒಂದು ತೊಟ್ಟು ಎಣ್ಣೆ ಬಿದ್ದಿರಲಿಲ್ಲ. ತಟ್ಟೆಯನ್ನು ಮೂಗಿಗೆ ಹಿಡಿದೆ. ಎಮ್ಮೆಯ ಬೆಣ್ಣೆಯ ವಾಸನೆ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ?

ಒಳಗೆ ಹೋಗಿ ನೆಲುವಿನ ಮಡಕೆಗೆ ಕೈ ಹಾಕಿದೆ. ಎಮ್ಮೆ ದಿನಾ ಕರೆಯುತ್ತಿತ್ತು, ಅತ್ತೆ ಬಿಡದೆ ಕಡೆಯುತ್ತಿದ್ದರು, ಮನೆಯಲ್ಲಿ ತುಪ್ಪ ಕಾಯಿಸಿ ಎಷ್ಟೋ ದಿನವಾಗಿತ್ತು. ಆದರೂ ಮಡಕೆಯ ತಳದಲ್ಲಿ ಒಂದು ಹಿಡಿ ಬೆಣ್ಣೆ ಇಲ್ಲ.

ಅವತ್ತು ಸಂಜೆ ಅತ್ತೆ ಮುದ್ದೆ ಕಟ್ಟುವಾಗ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವರು ನನಗೆ ಬೆನ್ನು ಮಾಡಿ ಕೂತಿದ್ದರು. ಎಲ್ಲರ ಮುದ್ದೆ ಕಟ್ಟಿ ಆಗಿತ್ತು. ಹಲಗೆಯ ಮೇಲೆ ಉಳಿದಿದ್ದ ಬಿಸಿ ಹಿಟ್ಟನ್ನು ಬೆರಳಲ್ಲಿ ಗುಳಿ ಮಾಡಿ, ಸೆರಗಿನ ಮರೆಯಲ್ಲಿದ್ದ ಬಟ್ಟಲಿನಿಂದ ಬೆಣ್ಣೆಯ ಉಂಡೆಯನ್ನೇ ತೆಗೆದು ಅದರೊಳಗಿಟ್ಟು, ಒತ್ತಿ, ಮಡಿಸಿ, ನಾದಿದರು. ಹಿಟ್ಟು ಬೆಣ್ಣೆಯನ್ನು ಕುಡಿಯಿತು. ಇನ್ನೊಂದು ಉಂಡೆ ಇಟ್ಟರು, ಅದನ್ನೂ ಕುಡಿಯಿತು. ನಾವು ಮುದ್ದೆಯನ್ನು ಅಗಿಯುವವರಲ್ಲ, ಸಾರಿಗೆ ಅದ್ದಿ ನುಂಗುವವರು. ನಾಲಿಗೆಗೆ ಸಾರಿನ ರುಚಿ ಸಿಕ್ಕಿದರೆ ಸಾಕು. ಮುದ್ದೆಯ ಒಳಗೆ ಏನಿದೆ ಅಂತ ಯಾರು ಕೇಳುತ್ತಾರೆ?

"ಏನತ್ತೆ ಇದು?" ಅಂದೆ.

ಅವರ ಕೈ ನಿಲ್ಲಲಿಲ್ಲ. ಮುದ್ದೆಯನ್ನು ಉರುಟು ಮಾಡಿ, ತಟ್ಟೆಗೆ ಹಾಕಿ, ಆಮೇಲೆ ತಿರುಗಿದರು.

"ನಿನ್ಗೆ ಅವ್ನೊಬ್ನೆ ಕಣವ್ವ. ನಂಗೆ ಇಬ್ರೂವೆ. ಒಬ್ಬ ಓಯ್ತಾವ್ನೆ ಅಂತ ನನ್ ಒಟ್ಟೆಗೆ ಗೊತ್ತಾಗೈತೆ. ಇನ್ನೊಬ್ನನ್ನೂ ಕೊಯ್ಯಕೆ ಮಲಗಿಸ್ಬುಟ್ಟು, ಇಬ್ರೂ ಇಲ್ದಂಗಾದ್ರೆ ನಾನು ಎಲ್ಲಿಗೋಗ್ಲಿ?"

ಅವರನ್ನು ಆ ಹಲಗೆಯ ಮೇಲೆ ಬೀಳಿಸಿ ಹೊಡೆಯಬೇಕು ಅನ್ನುವಷ್ಟು ಸಿಟ್ಟಿತ್ತು. ಇದೇ ಹೆಂಗಸು ದಿನಾ ಬೆಳಿಗ್ಗೆ ನನ್ನ ಗಂಡನ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದದ್ದು. ತುರಿಕೆಗೆ ನಿದ್ದೆ ಬಾರದೆ ಒದ್ದಾಡುವ ಮಗನ ಬೆನ್ನಿಗೆ ಬೇವಿನಸೊಪ್ಪು ಅರೆದು ಹಚ್ಚುತ್ತಿದ್ದದ್ದು. ಅಲ್ಲಿಂದ ಎದ್ದು ಬಂದು ಅದೇ ಕೈಯಿಂದ ಇದನ್ನು ಮಾಡುತ್ತಿದ್ದರು. ಎರಡೂ ಸುಳ್ಳಲ್ಲ. ಅದಕ್ಕೇ ನನ್ನ ಸಿಟ್ಟಿಗೆ ಎಲ್ಲಿ ಹೋಗಿ ಬೀಳಬೇಕೋ ತಿಳಿಯಲಿಲ್ಲ.

ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ದಿಲೀಪ ಕೊಟ್ಟಿಗೆಯ ಪಕ್ಕ ಚಪ್ಪಡಿಯ ಮೇಲೆ ಕೈಯೂರಿ ದಂಡ ಹೊಡೆಯುತ್ತಿದ್ದ. ಬೆನ್ನಿನಿಂದ ಬೆವರು ಸುರಿಯುತ್ತಿತ್ತು. ಮುದ್ದೆಯನ್ನು ಅವನ ಕಣ್ಣೆದುರಿಗೇ ಮುರಿದು ತೋರಿಸಿದೆ. ಒಳಗೆ ಕರಗಿದ ಬೆಣ್ಣೆ ಹೊಳೆಯಿತು. ನಿಮ್ಮವ್ವ ಇಷ್ಟು ದಿನ ನಿನಗೆ ಉಣ್ಣಿಸಿದ್ದು ಇದನ್ನು, ನಾನು ನಿನ್ನನ್ನು ಸುಮ್ಮನೆ ಬೈದೆ, ತಪ್ಪಾಯಿತು ಅಂದೆ.

ಅವನು ಎದ್ದು ಕೂತ. ಮುದ್ದೆಯನ್ನು ನೋಡಲಿಲ್ಲ.

"ಗೊತ್ತು ಅತ್ಗೆ," ಅಂದ.

ನನಗೆ ಅರ್ಥವಾಗಲಿಲ್ಲ. ಯಾವಾಗಿನಿಂದ ಅಂತ ಕೇಳಿದೆ.

"ಮೊದುಲ್ನೇ ತುತ್ತಿಂದ. ಕೈಗೆ ಅಂಟ್ಕೊಳ್ಳಲ್ವಾ?" ಅವನು ತನ್ನ ಬಲಗೈಯನ್ನು ಬಿಡಿಸಿ ನೋಡಿಕೊಂಡ. "ಆಸ್ಪತ್ರೆಲಿ ಕಾಗ್ದ ಓದುದ್ರಲ್ಲ, ಕೊಡೋನ್ ಜೀವುಕ್ಕೂ ಅಪಾಯ ಆಗ್ಬೋದು ಅಂತ. ಆವತ್ತಿಂದ ಎದುರ್ಕೆ ಅತ್ಗೆ. ಜಿಮ್ಮಲ್ಲಿ ಎತ್ತೋವಾಗ ಕೊಟ್ಬುಡ್ತೀನಿ ಅನ್ಸದು. ಮನೆಗೆ ಬಂದ್ರೆ ಆಗ್ತಿರ್ನಿಲ್ಲ. ಅಣ್ಣಂಗೆ ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ. ಅವ್ವ ನನ್ ಬದ್ಲು ಬ್ಯಾಡ ಅಂತಿತ್ತು. ನಾನು ನುಂಗ್ತಿದ್ದೆ."

ಸೋಪಿನ ವಿಷಯ ಆಗ ಅರ್ಥವಾಯಿತು. ನಾನು ಚಪ್ಪಡಿಯ ಮೇಲೆ ಕೂತುಬಿಟ್ಟೆ. ಅವನ ಹೆಂಡತಿ ತವರಿನಲ್ಲಿ ಹೊಟ್ಟೆ ಹೊತ್ತುಕೊಂಡಿದ್ದಾಳೆ. ಒಳಗಿನ ಮಂಚದ ಮೇಲೆ ನನ್ನ ಗಂಡ ಇದ್ದಾರೆ. ಯಾರದ್ದೋ ಮೈಯನ್ನು ನನ್ನ ಗಂಡನಿಗಾಗಿ ಕೇಳುವ ಹಕ್ಕು ನನಗೆ ಎಲ್ಲಿಂದ ಬಂತು ಅಂತಲೂ ಅನ್ನಿಸಿತು, ಕೊಡುತ್ತೇನೆ ಅಂದವನು ಹೀಗೆ ಮಾಡಬಹುದಾ ಅಂತಲೂ ಅನ್ನಿಸಿತು. ಆ ಹೊತ್ತಿನಲ್ಲಿ ನಾನು ಅವನನ್ನು ಕ್ಷಮಿಸಲಿಲ್ಲ. ಈಗಲೂ ಕ್ಷಮಿಸಿದ್ದೇನೆ ಅಂತ ಹೇಳಲಾರೆ. ಆದರೆ ಅವನ ಹೆದರಿಕೆ ನಿಜವಾದದ್ದು ಅನ್ನುವುದು ಅವನ ಮುಖದ ಮೇಲೇ ಇತ್ತು.

"ನಾಳಿಂದ ಮುದ್ದೆ ನಾನ್ ಮಾಡ್ತೀನಿ," ಅಂದೆ. "ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡು. ನಿಮ್ಮಣ್ಣಂಗೆ ನಾನೇ ಏಳ್ಕೋತೀನಿ."

ಕೊಟ್ಟಿಗೆಯಲ್ಲಿ ಎಮ್ಮೆ ಕರುವಿಗಾಗಿ ಕೂಗಿತು.

"ಮಾಡಿ ಅತ್ಗೆ," ಅಂದ.

ಮಾರನೆಯ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಾಗ ಅತ್ತೆ ಹಿಟ್ಟಿನ ಕೋಲನ್ನು ಗೋಡೆಗೆ ಒರಗಿಸಿ ಎದ್ದು ಹೋದರು. ನನ್ನ ಮುದ್ದೆ ಮೊದಲ ದಿನ ಗಂಟುಗಂಟಾಯಿತು. ದಿಲೀಪ ಅದನ್ನೇ ನುಂಗಿದ, ಬರೀ ನೀರಿನಲ್ಲಿ ಕೈ ತೊಳೆದ. ಅತ್ತೆ ಕಡೆಯುವುದನ್ನು ಮಾತ್ರ ಬಿಡಲಿಲ್ಲ. ಮಜ್ಜಿಗೆ ಎಲ್ಲರೂ ಕುಡಿಯುತ್ತಿದ್ದೆವು. ಬೆಣ್ಣೆ ಮಡಕೆಗೆ ಹೋಗುತ್ತಿತ್ತು. ಅದನ್ನು ಕಾಯಿಸುವ ಮನಸ್ಸು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ದಿನ ಹೋದ ಹಾಗೆ ಮಡಕೆ ತುಂಬುತ್ತಾ ಬಂದು ನೆಲುವಿನ ಹಗ್ಗ ಕೆಳಕ್ಕೆ ಜಗ್ಗಿತು.

ದಿಲೀಪ ಇಳಿದ. ವಾರ ವಾರಕ್ಕೂ ಇಳಿದ. ಮೊದಲು ಕೆನ್ನೆ ಹೋಯಿತು, ಆಮೇಲೆ ಸೊಂಟ. ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಂಡ. ಎತ್ತುವ ಭಾರ ಕಡಿಮೆಯಾಗಲಿಲ್ಲ. ಧರ್ಮೇಂದ್ರ ಫೋನು ಮಾಡಿ, ಈಗ ನೋಡಿ ಅಕ್ಕ, ನಾನು ಹೇಳಿದ್ದು ಇದನ್ನೇ ಅಂತ ಹಿಗ್ಗಿದ. ಅವನಿಗೆ ನಾನು ಏನೂ ಹೇಳಲಿಲ್ಲ. ಆಸ್ಪತ್ರೆಯವರು ಮೂರನೇ ಸ್ಕ್ಯಾನಿಗೆ ಸೋಮವಾರ ಬನ್ನಿ ಅಂದರು.

ಅದರ ಹಿಂದಿನ ಗುರುವಾರ ಮಧ್ಯಾಹ್ನ ಇವರು ರಕ್ತ ಕಾರಿಕೊಂಡರು. ಗೋಡೆಯವರೆಗೂ ಹಾರಿತು. ಆಂಬುಲೆನ್ಸಿನಲ್ಲಿ ಇವರ ತಲೆ ನನ್ನ ತೊಡೆಯ ಮೇಲಿತ್ತು. ಪಾಂಡವಪುರ ದಾಟಿದ ಮೇಲೆ ಒಂದು ಸಲ ಕಣ್ಣು ಬಿಟ್ಟರು. ಬುದ್ಧಿ ನೆಟ್ಟಗಿತ್ತು.

"ಅವ್ನು ಇಳ್ದ್ನಾ?" ಅಂದರು.

"ಇಳ್ದವ್ನೆ," ಅಂದೆ. "ಸೋಮವಾರ ಸ್ಕ್ಯಾನು."

"ಪಾಪ, ಉಡ್ಗುನ್ನ ಸೊರಗಿಸ್ಬುಟ್ರಲ್ಲ," ಅಂದರು. ಆಸ್ಪತ್ರೆ ಸೇರಿದ ಮೇಲೆ ಮಾತಾಡಲಿಲ್ಲ. ಮಾರನೆಯ ದಿನ ಹೋದರು.

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಗಂಡುಮಕ್ಕಳಿಲ್ಲ, ಕಾರ್ಯವನ್ನೆಲ್ಲ ತಮ್ಮನೇ ಮಾಡಬೇಕು. ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುದ್ದಿನ ಮೇಲೆ ಹಾಲು, ತುಪ್ಪ ಬಿಟ್ಟು ಸತ್ತವರನ್ನು ತಣ್ಣಗೆ ಮಾಡಿ ಬರುವ ಶಾಸ್ತ್ರ. ಬೆಳಿಗ್ಗೆ ನಾನು ಎದ್ದಾಗ ಅತ್ತೆ ನೆಲುವಿನಿಂದ ಮಡಕೆ ಇಳಿಸಿ ಒಲೆಯ ಮುಂದೆ ಕೂತಿದ್ದರು. ಬೆಣ್ಣೆ ಹುಳಿಯ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ದೊಡ್ಡ ಬಾಣಲೆಗೆ ಹಾಕಿ ಕಾಯಿಸಿದರು. ಈ ಕಾರ್ಯಕ್ಕೆ ಒಂದು ಸೌಟು ತುಪ್ಪ ಸಾಕು. ಅವರು ಒಂದು ಚೆಂಬಿನ ತುಂಬ ಬಗ್ಗಿಸಿದರು. ಅಳಲಿಲ್ಲ. ಬಗ್ಗಿಸುವಾಗ ಒಂದಿಷ್ಟು ಒಲೆಗೆ ಚೆಲ್ಲಿ ಬೆಂಕಿ ಮೇಲಕ್ಕೆದ್ದಿತು.

ಹೊಲದಲ್ಲಿ ಎಲ್ಲರೂ ಒಂದೊಂದು ಹನಿ ಬಿಟ್ಟರು. ಹೇಮ ಬಿಟ್ಟಳು, ನಾನು ಬಿಟ್ಟೆ. ಕೊನೆಗೆ ದಿಲೀಪ ಚೆಂಬನ್ನು ತೆಗೆದುಕೊಂಡು, ಅಂಗೈ ಮೇಲೆ ಹಾಯಿಸಿ, ಉಳಿದ ಅಷ್ಟೂ ತುಪ್ಪವನ್ನು ಅಣ್ಣನ ಮೇಲಿನ ಮಣ್ಣಿಗೆ ಬಿಟ್ಟ. ಹಸಿ ಮಣ್ಣು ಅದನ್ನು ಕುಡಿಯಿತು. ಚೆಂಬು ಖಾಲಿಯಾದ ಮೇಲೂ ಅವನು ಕೈ ಚಾಚಿಕೊಂಡೇ ನಿಂತಿದ್ದ. ಬಂದ ನೆಂಟರಲ್ಲಿ ಒಬ್ಬರು, ಎಂಥಾ ಮೈ ಮಾಡಿಕೊಂಡಿದ್ದಾನೆ ನೋಡು ಈ ಹುಡುಗ, ಒಂದು ಚೂರು ಕೊಬ್ಬಿಲ್ಲ ಅಂತ ಮೆಲ್ಲಗೆ ಅಂದರು.

ಮನೆಗೆ ಬಂದವರೆಲ್ಲ ಬಾಗಿಲಲ್ಲೇ ಕಾಲು ತೊಳೆದುಕೊಂಡು ಒಳಗೆ ಹೋದರು. ದಿಲೀಪ ಮಾತ್ರ ಹಿತ್ತಿಲಿಗೆ ಬಂದ. ನಾನು ಕಲ್ಲಿನ ಹತ್ತಿರ ಚೆಂಬು ತೊಳೆಯುತ್ತಿದ್ದೆ. ಅವನು ತೊಟ್ಟಿಯ ನೀರಿಗೆ ಕೈ ಅದ್ದಿ ತಿಕ್ಕಿದ. ತುಪ್ಪ ಬಿಡಲಿಲ್ಲ. ಮತ್ತೆ ತಿಕ್ಕಿದ. ಆಮೇಲೆ ಗೋಡೆಯ ಮೇಲಿದ್ದ ಸೋಪಿಗೆ ಕೈ ಚಾಚಿದ. ನಾನು ಅವನಿಗಿಂತ ಮೊದಲೇ ಅದನ್ನು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡೆ.

"ಇವತ್ತು ಬ್ಯಾಡ," ಅಂದೆ.

ಅವನು ನನ್ನ ಮುಖ ನೋಡಿದ. ಬೇಕು ಅನ್ನಲಿಲ್ಲ. ಅದೇ ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ಒಳಗೆ ಉಣ್ಣಲು ಹೋದ.